ನಿಮಗಿದು ಗೊತ್ತೇ? ಮನೆಯ ವೆಂಟಿಲೇಟರ್ ಕೂಗಿದಾಗ

ಅಲಾರಂ ಹೊಡೆದಾಗ ಮೊದಲು ನೋಡಬೇಕಾದ್ದು ಯಂತ್ರದ ಪರದೆಯನ್ನಲ್ಲ, ಹಾಸಿಗೆಯಲ್ಲಿರುವವರನ್ನು. ಎದೆ ಏರಿಳಿಯುತ್ತಿದೆಯೇ? ತುಟಿ ನೀಲಿಗಟ್ಟಿದೆಯೇ? ಅವರಿಗೆ ಕಷ್ಟವಾಗುತ್ತಿದ್ದು, ಕಾರಣ ತಕ್ಷಣ ಹೊಳೆಯದಿದ್ದರೆ ಯಂತ್ರದ ಪೈಪ್ ಕಳಚಿ, ಕೈಯಿಂದಲೇ ಉಸಿರೂಡುವ ಅಂಬು ಬ್ಯಾಗ್ ಒತ್ತಲು ಶುರುಮಾಡಿ. ಯಂತ್ರದ ವಿಚಾರಣೆ ಆಮೇಲೆ.

ಬ್ಯಾಗ್ ಒತ್ತಲು ತೀರಾ ಗಟ್ಟಿಯೆನಿಸಿದರೆ ತೊಂದರೆ ಬಹುಶಃ ಯಂತ್ರದ್ದಲ್ಲ. ಕುತ್ತಿಗೆಯ ಟ್ಯೂಬಿನಲ್ಲೇ ಕಫ ಗಟ್ಟಿಯಾಗಿ ಕೂತಿರಬಹುದು. ಸಕ್ಷನ್ ಮಾಡಿ, ಒಳಟ್ಯೂಬ್ ಬದಲಿಸಿ.

1952ರ ಪೋಲಿಯೊ ಹಾವಳಿಯಲ್ಲಿ ಕೋಪನ್‌ಹೇಗನ್‌ನ ವೈದ್ಯಕೀಯ ವಿದ್ಯಾರ್ಥಿಗಳು ಪಾಳಿ ಹಾಕಿಕೊಂಡು, ಕೈಯಲ್ಲೇ ಚೀಲ ಒತ್ತಿ ರೋಗಿಗಳನ್ನು ಉಳಿಸಿದ್ದರು. ತಾನಾಗಿಯೇ ಹಿಗ್ಗುವ ಅಂಬು ಬ್ಯಾಗ್ ಅದೇ ಡೆನ್ಮಾರ್ಕಿನಿಂದ 1956ರಲ್ಲಿ ಮಾರುಕಟ್ಟೆಗೆ ಬಂತು. ಕರೆಂಟೂ ಬೇಡ, ಸಿಲಿಂಡರೂ ಬೇಡ. ಅದನ್ನು ಬೀರುವಿನಲ್ಲಿಡುವುದು ಶುದ್ಧ ಅವಿವೇಕ, ಮಂಚಕ್ಕೇ ತೂಗುಹಾಕಿ.

ಯಂತ್ರದಲ್ಲಿ ಕೆಂಪು ದೀಪ ಮಿನುಗಿದರೆ ಈ ಕ್ಷಣವೇ ಓಡಿ. ಹಳದಿ ಮಿನುಗಿದರೂ ಬೇಗ ಹೋಗಿ ನೋಡಿ.

‘ಹೈ ಪ್ರೆಷರ್’ ಎಂದರೆ ಗಾಳಿಗೆ ದಾರಿ ಕಟ್ಟಿದೆ: ಕಫ, ಕೆಮ್ಮು, ಮಡಚಿದ ಪೈಪ್. ‘ಲೋ ಪ್ರೆಷರ್’ ಎಂದರೆ ಗಾಳಿ ಎಲ್ಲೋ ಸೋರುತ್ತಿದೆ: ಕಳಚಿದ ಜೋಡಣೆ, ಜರುಗಿದ ಮಾಸ್ಕ್, ಕುತ್ತಿಗೆಯ ಟ್ಯೂಬಿನ ಗಾಳಿ ಇಳಿದ ಬಲೂನು.

ಆದರೆ ಕೂಗದ ಯಂತ್ರವನ್ನೂ ಪೂರ್ತಿ ನಂಬುವಂತಿಲ್ಲ. ಕಳಚಿದ ಪೈಪಿನ ಬಾಯಿ ದಿಂಬಿಗೋ ರಗ್ಗಿಗೋ ಒತ್ತಿಕೊಂಡರೆ ಒತ್ತಡ ಹಾಗೇ ಉಳಿದು, ಎಲ್ಲ ಸರಿಯಿದೆ ಎಂದೇ ಯಂತ್ರ ಭಾವಿಸಬಹುದು. ಮಕ್ಕಳಿಗೆ ಹಾಕುವ ಸಣ್ಣ ಟ್ಯೂಬ್ ಕುತ್ತಿಗೆಯಿಂದ ಪೂರ್ತಿ ಹೊರಬಂದರೂ, ಅದರ ಕಿರಿದಾದ ರಂಧ್ರವೇ ಗಾಳಿಯನ್ನು ತಡೆಯುವುದರಿಂದ ಅಲಾರಂ ಸುಮ್ಮನಿರುವ ಸಾಧ್ಯತೆಯುಂಟು. ಬೆರಳಿನ ಪಲ್ಸ್ ಆಕ್ಸಿಮೀಟರ್ ಬೇಕಾಗುವುದು ಇದಕ್ಕೇ.

ಮ್ಯೂಟ್ ಗುಂಡಿ ಒತ್ತಿದರೆ ಸದ್ದಡಗುವುದು ಸಾಮಾನ್ಯವಾಗಿ ಒಂದೆರಡು ನಿಮಿಷ ಮಾತ್ರ. ಪದೇ ಪದೇ ಕಿರಿಕಿರಿಯೆಂದು ಅಲಾರಂ ಮಿತಿಯನ್ನೇ ಬದಲಿಸುವುದು ವೈದ್ಯರ ಕೆಲಸ, ಹೋಮ್ ನರ್ಸ್‌ನದಲ್ಲ, ಮಗನದೂ ಅಲ್ಲ.

ಡಿಸೆಂಬರ್-ಜನವರಿಯ ಚಳಿಗೆ ಹ್ಯುಮಿಡಿಫೈಯರ್‌ನ ಬಿಸಿ ಆವಿ ಪೈಪಿನೊಳಗೇ ನೀರಾಗಿ ಅಲಾರಂ ಹೊಡೆಸುತ್ತದೆ. ಆ ನೀರನ್ನು ರೋಗಿಯ ಕಡೆಗೂ ಹ್ಯುಮಿಡಿಫೈಯರ್ ಕಡೆಗೂ ವಾಲಿಸದೆ ಹೊರಗೆ ಬಸಿಯಿರಿ. ಹ್ಯುಮಿಡಿಫೈಯರ್ ಜೊತೆಗೆ, ಉಸಿರಿನ ತೇವವನ್ನೇ ಹಿಡಿದಿಡುವ ಎಚ್‌ಎಂಇ ಫಿಲ್ಟರನ್ನೂ ಹಾಕಿದರೆ ಅದು ನೆನೆದು ಗಾಳಿಯನ್ನೇ ತಡೆಯುತ್ತದೆ. ಎರಡರಲ್ಲಿ ಒಂದೇ ಇರಲಿ.

ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದ ನಮ್ಮ ಬೆಂಗಳೂರಿನಲ್ಲಿ ಗಾಳಿಯೊತ್ತಡ ಚೆನ್ನೈಗಿಂತ ಸುಮಾರು ಶೇ. 10ರಷ್ಟು ಕಡಿಮೆ. ಹಾಗಾಗಿ ಕೆಲವು ಹಳೆಯ ಯಂತ್ರಗಳಿಗೆ ಊರಿನ ಎತ್ತರವನ್ನು ಹೇಳಿಕೊಡಬೇಕು.

ಏಪ್ರಿಲ್-ಮೇ ಮಳೆಗೆ ಜಯನಗರದಲ್ಲೋ ಬನಶಂಕರಿಯಲ್ಲೋ ತಂತಿಯ ಮೇಲೆ ಕೊಂಬೆ ಬಿದ್ದು ಕರೆಂಟ್ ಹೋದರೆ ವೆಂಟಿಲೇಟರ್ ಕೂಗುತ್ತದೆ, ನಿಲ್ಲುವುದಿಲ್ಲ. ಒಳಬ್ಯಾಟರಿ ಕೆಲಸ ಶುರುಮಾಡಿರುತ್ತದೆ. ಕೆಲವು ಮಾದರಿಗಳಲ್ಲಿ ಅದು ಮೂರು ಗಂಟೆ, ಇನ್ನು ಕೆಲವುಗಳಲ್ಲಿ ಎಂಟು ಗಂಟೆ, ಹಳತಾದಷ್ಟೂ ಕಡಿಮೆ. ನಿಲ್ಲುವುದು ಪಕ್ಕದ ಆಕ್ಸಿಜನ್ ಕಾನ್ಸೆಂಟ್ರೇಟರ್! ಮನೆಯಲ್ಲಿ ಬಳಸುವ ದೊಡ್ಡ ಕಾನ್ಸೆಂಟ್ರೇಟರ್‌ಗಳಲ್ಲಿ ಸಾಮಾನ್ಯವಾಗಿ ಬ್ಯಾಟರಿಯೇ ಇರುವುದಿಲ್ಲ. ಗಾಳಿ ಬರುತ್ತಿರುತ್ತದೆ, ಹೆಚ್ಚುವರಿ ಆಕ್ಸಿಜನ್ ಇರುವುದಿಲ್ಲ. ತುಂಬಿದ ಸಿಲಿಂಡರ್ ಪಕ್ಕದಲ್ಲೇ ಇರಬೇಕು.

ಜೆ.ಪಿ. ನಗರ, ಬಿಟಿಎಂ ಕಡೆಯ ಅಪಾರ್ಟ್‌ಮೆಂಟ್‌ಗಳಲ್ಲಿ ಜನರೇಟರ್ ಇದೆಯೆಂದು ನಿಶ್ಚಿಂತರಾಗಬೇಡಿ. ಹಲವು ಕಡೆ ಅದು ಕೊಡುವುದು ಮನೆಯ ದೀಪ, ಫ್ಯಾನಿಗಷ್ಟೇ. ವೆಂಟಿಲೇಟರ್ ಚುಚ್ಚಿರುವ ಪ್ಲಗ್ ಆ ಲೈನಿನಲ್ಲಿದೆಯೇ ಎಂದು ಎಲೆಕ್ಟ್ರಿಷಿಯನ್‌ನಿಂದ ಇವತ್ತೇ ತಿಳಿದುಕೊಳ್ಳಿ.

ಮನೆಯಲ್ಲಿ ವೆಂಟಿಲೇಟರ್ ಮೇಲಿರುವ ಮಕ್ಕಳಿಗೆ ತರಬೇತಿ ಪಡೆದ ಕನಿಷ್ಠ ಇಬ್ಬರು ಮನೆಯವರಿರಬೇಕು, ಸದಾ ಒಬ್ಬರು ಎಚ್ಚರವಾಗಿರಬೇಕು ಎಂದು ಅಮೆರಿಕನ್ ಥೊರಾಸಿಕ್ ಸೊಸೈಟಿ 2016ರಲ್ಲೇ ಹೇಳಿದೆ. ದೊಡ್ಡವರಿಗೂ ಈ ಲೆಕ್ಕ ಒಳ್ಳೆಯದೇ.

ಗೋಡೆಯ ಮೇಲೆ ಎರಡು ನಂಬರ್ ದಪ್ಪಗೆ ಬರೆದಿಡಿ: ಕರೆಂಟಿಗೆ ಬೆಸ್ಕಾಂ 1912, ಆಂಬುಲೆನ್ಸ್ 108. ಯಾವುದಕ್ಕೆ ಫೋನ್ ಮಾಡಿದರೂ ಮೊದಲ ಮಾತಿನಲ್ಲೇ ‘ಮನೆಯಲ್ಲಿ ವೆಂಟಿಲೇಟರ್ ಪೇಷೆಂಟ್ ಇದ್ದಾರೆ’ ಎಂದು ಹೇಳಿ.