ಒಂದೇ ಕಿವಿ ತೆರೆದು ಮಲಗುವ ಫೋನು

ತೀರ್ಥಹಳ್ಳಿ ಕಡೆಯ ನಮ್ಮ ಮನೆಯ ಕಿಟಕಿಯಲ್ಲಿ ಒಂದು ಹಳೇ ಸ್ಮಾರ್ಟ್‌ಫೋನಿದೆ. ಗಾಜಿನ ಮೂಲೆ ಒಡೆದಿದೆ, ಬೀಳದಿರಲೆಂದು ಸರಳಿಗೆ ರಬ್ಬರ್‌ಬ್ಯಾಂಡ್ ಸುತ್ತಿದೆ. ನಾನು ಬೆಂಗಳೂರಿನಿಂದ ಕೇಳಿದಾಗ ಅಂಗಳದ ಒಂದು ಫೋಟೊ ತೆಗೆದು ಕಳಿಸುವುದಷ್ಟೇ ಅದರ ಕೆಲಸ. ಅಡಿಕೆ ಹರವಿದ ದಿನಗಳಲ್ಲಿ ಮೋಡ ಕವಿದಿದೆಯೇ ಎಂದು ಇಲ್ಲಿಂದಲೇ ನೋಡುವ ಹುಚ್ಚು ನನ್ನದು. ಆಟೊಮೇಷನ್ ಆ್ಯಪಿನಲ್ಲಿ ನಾಲ್ಕು ಸಾಲಿನ ನಿಯಮ ಬರೆದಿಟ್ಟೆ: ಕೋರಿಕೆ ಬಂದರೆ ಕ್ಯಾಮೆರಾ ತೆರೆ, ಫೋಟೊ ತೆಗೆ, ಕಳಿಸು, ಮುಚ್ಚು.

ವಾರವಿಡೀ ಚೆನ್ನಾಗಿ ನಡೆಯಿತು. ಕರೆಂಟು ಹೋದ ದಿನ ಮಾತ್ರ, ಹೋಗಿ ಗಂಟೆಯಾಗುವಷ್ಟರಲ್ಲಿ ಫೋನು ಮಾತೇ ಆಡದು. ರೂಟರು ಇನ್ವರ್ಟರ್ ಮೇಲಿತ್ತು, ಫೋನಿನಲ್ಲಿ ಬ್ಯಾಟರಿಯೂ ಇತ್ತು. ಅಮ್ಮನಿಗೆ ಹೇಳಿ ನೋಡಲು ಕಳಿಸಿದೆ. ಮರುಕ್ಷಣ ಫೋಟೊ ಬಂತು.

‘ಏನು ಮಾಡಿದೆ?’

‘ಏನೂ ಇಲ್ಲ ಮಾರಾಯ. ಕೈಗೆ ತಗೊಂಡು ಗುಂಡಿ ಒತ್ತಿದೆ, ಅಷ್ಟೆ.’

ಅಮ್ಮ ಮಾಡಿದ್ದು ಅಷ್ಟೇ ಹೌದು. ಆದರೆ ಅಷ್ಟರಿಂದಲೇ ಫೋನು ಏಕೆ ಎದ್ದಿತು ಎಂದು ಹುಡುಕುತ್ತ ಹೋದರೆ ಹದಿನೈದು ವರ್ಷಕ್ಕೂ ಹಿಂದಿನ ಒಂದು ಜಗಳ ಸಿಗುತ್ತದೆ.

ಮೊದಲ ಆಂಡ್ರಾಯ್ಡ್ ಫೋನು ಎಚ್‌ಟಿಸಿ ಡ್ರೀಮ್ 2008ರ ಅಕ್ಟೋಬರ್‌ನಲ್ಲಿ ಮಾರಾಟಕ್ಕೆ ಬಂತು. ಅದರ ಬ್ಯಾಟರಿ ಬರೀ 1150 ಎಂಎಎಚ್. ಅಷ್ಟರಲ್ಲಿ ದಿನ ದೂಡಬೇಕಾದರೆ ಫೋನು ಸಿಕ್ಕಸಿಕ್ಕಾಗ ನಿದ್ದೆ ಹೊಡೆಯಬೇಕು. ಹಾಗಾಗಿ ಆಂಡ್ರಾಯ್ಡ್ ಎಂಜಿನಿಯರುಗಳು ಲ್ಯಾಪ್‌ಟಾಪಿನ ಪದ್ಧತಿಯನ್ನು ತಲೆಕೆಳಗು ಮಾಡಿದರು. ಕೆಲಸವಿಲ್ಲದಾಗ ಇಡೀ ಯಂತ್ರ ಮಲಗಿಬಿಡಲಿ. ಕೆಲಸ ಉಳಿದಿರುವವನು ‘ತಡಿ, ಮಲಗಬೇಡ’ ಎಂದು ಚೀಟಿ ಹಿಡಿದು ನಿಲ್ಲಲಿ. ಈ ಚೀಟಿಯ ಹೆಸರೇ ವೇಕ್‌ಲಾಕ್.

ಗೂಗಲ್‌ನ ಆರ್ವೆ ಯೊನ್ನೆವೋಗ್ 2009ರಲ್ಲಿ ಈ ಕೋಡನ್ನು ಆಂಡ್ರಾಯ್ಡಿನ ತಳದಲ್ಲಿರುವ ಲಿನಕ್ಸ್ ಕರ್ನೆಲ್ಲಿಗೆ ಸೇರಿಸಿಕೊಳ್ಳಿ ಎಂದು ಮುಂದಿಟ್ಟಾಗ ಅಲ್ಲಿನ ಹಿರಿಯರು ಮೂಗು ಮುರಿದರು. ಯಾವನೋ ಬೇಜವಾಬ್ದಾರಿ ಆ್ಯಪು ಚೀಟಿ ಹಿಡಿದು ಕೂತರೆ ಬ್ಯಾಟರಿಯ ಗತಿಯೇನು? ಮರುವರ್ಷ ‘ಸಸ್ಪೆಂಡ್ ಬ್ಲಾಕರ್’ ಎಂದು ಹೆಸರು ಬದಲಿಸಿ ತಂದರೂ ವಾದ ಬೆಳೆಯಿತೇ ಹೊರತು ಕೋಡು ಒಳಗೆ ಹೋಗಲಿಲ್ಲ.

ಗೂಗಲ್ಲಿನವರ ಅಳಲಿನಲ್ಲಿ ಒಂದು ಗಟ್ಟಿ ಮಾತಿತ್ತು. ಫೋನು ಇನ್ನೇನು ಕಣ್ಣು ಮುಚ್ಚುವ ಆ ಒಂದು ಕ್ಷಣದಲ್ಲಿ ಯಾರೋ ಬಾಗಿಲು ಬಡಿದರೆ? ಬಡಿದದ್ದು ಕೇಳಿಸಿಯೂ ಫೋನು ಮಲಗಿಬಿಡುತ್ತದೆ, ಬಂದವನು ಹೊರಗೇ ಉಳಿಯುತ್ತಾನೆ. ಇದಕ್ಕೆ ರಫಾಯೆಲ್ ವಿಸೋಟ್ಸ್ಕಿ ಎಂಬ ಕರ್ನೆಲ್ ಪರಿಣತ ಕಂಡುಕೊಂಡ ಉಪಾಯ ನನಗೆ ಬಲು ಇಷ್ಟ. ಬಾಗಿಲು ಬಡಿದದ್ದನ್ನೆಲ್ಲ ಎಣಿಸುತ್ತ ಹೋಗುವುದು. ಮಲಗುವ ಮುನ್ನ ಲೆಕ್ಕ ಓದಿಕೊಳ್ಳಬೇಕು, ಕೈಯಲ್ಲಿದ್ದ ಕೆಲಸ ಮುಗಿಸಿ ಅದೇ ಅಂಕಿಯನ್ನು ಹಿಂದಿರುಗಿಸಬೇಕು. ಅಷ್ಟರಲ್ಲಿ ಅಂಕಿ ಒಂದೇ ಒಂದು ಏರಿದ್ದರೂ ನಿದ್ದೆಗೆ ಅನುಮತಿಯಿಲ್ಲ. 2010ರಲ್ಲಿ ಇದು ಲಿನಕ್ಸಿನ 2.6.36ನೇ ಆವೃತ್ತಿ ಸೇರಿತು. 2012ರಲ್ಲಿ 3.5 ಬರುವಾಗ, ಮೊದಲು ಬೇಡವೆಂದಿದ್ದ ವೇಕ್‌ಲಾಕಿನ ತಮ್ಮನಂಥದ್ದೂ ಒಳಗೆ ಬಂದಿತ್ತು. ಜಗಳದಲ್ಲಿ ಗೆದ್ದವರು ಯಾರೆಂದು ನೀವೇ ಹೇಳಿ.

ಇನ್ನು ಬಾಗಿಲು ಬಡಿಯುವವರ ವಿಷಯ. ಫೋನಿನೊಳಗೆ ಮುಖ್ಯ ಪ್ರೊಸೆಸರ್ ಬೇರೆ, ಟವರಿನೊಡನೆ ಮಾತಾಡುವ ಮೋಡೆಮ್ ಬೇರೆ. ದೊಡ್ಡದು ಮಲಗಿದರೂ ಮೋಡೆಮ್ ಒಂದು ಕಿವಿ ತೆರೆದಿಟ್ಟಿರುತ್ತದೆ. 4ಜಿಯಲ್ಲಿ 0.32 ಸೆಕೆಂಡಿನಿಂದ 2.56 ಸೆಕೆಂಡಿಗೊಮ್ಮೆ ಎದ್ದು, ಟವರು ತನ್ನನ್ನು ಕೂಗುತ್ತಿದೆಯೇ ಎಂದು ಕೇಳಿಸಿಕೊಂಡು ಮತ್ತೆ ಮಲಗುತ್ತದೆ. ಕರೆ ಬಂದರೆ ದೊಡ್ಡಣ್ಣನನ್ನು ಎಬ್ಬಿಸುತ್ತದೆ. ವೈಫೈಯಲ್ಲೂ ಹೆಚ್ಚುಕಡಿಮೆ ಹೀಗೇ: ನಿಮ್ಮ ಹೆಸರಿಗೆ ಬಂದದ್ದನ್ನು ರೂಟರು ಎತ್ತಿಟ್ಟುಕೊಂಡು, ಸೆಕೆಂಡಿಗೆ ಹತ್ತರಂತೆ ಹೊರಡಿಸುವ ಬೀಕನ್ ಸಂಕೇತದಲ್ಲಿ ‘ನಿನಗೊಂದು ಬಂದಿದೆ’ ಎಂದು ಸಾರುತ್ತಿರುತ್ತದೆ.

ಆದರೆ ಪ್ರತಿ ಆ್ಯಪೂ ತನ್ನ ಸರ್ವರಿನೊಡನೆ ತನ್ನದೇ ದಾರ ಕಟ್ಟಿಕೊಂಡು ಎಳೆದಾಡಿದರೆ ಫೋನಿಗೆ ಎಲ್ಲಿಯ ನಿದ್ದೆ? ಎಲ್ಲರಿಗೂ ಸೇರಿ ಒಂದೇ ದಾರ ಸಾಕು ಎಂದು ಆ್ಯಪಲ್ 2009ರ ಜೂನ್‌ನಲ್ಲಿ ಪುಶ್ ಸೇವೆ ಆರಂಭಿಸಿತು. ಗೂಗಲ್‌ನದು 2010ರಲ್ಲಿ ಬಂತು, ಎರಡು ಸಲ ಹೆಸರು ಬದಲಾಗಿ ಈಗ ಫೈರ್‌ಬೇಸ್ ಹೆಸರಿನಲ್ಲಿದೆ.

2015ರಲ್ಲಿ ಆಂಡ್ರಾಯ್ಡ್ 6 ಬಂದಾಗ ಬಾಗಿಲಿಗೆ ಅಗುಳಿಯೇ ಬಿತ್ತು. ಡೋಜ್ ಎಂದು ಹೆಸರು, ಅಂದರೆ ತೂಕಡಿಕೆ. ಪರದೆ ಆರಿರಬೇಕು, ಫೋನು ಅಲುಗಾಡದೆ ಬಿದ್ದಿರಬೇಕು, ಚಾರ್ಜಿಗೆ ಹಾಕಿರಬಾರದು. ಮೂರೂ ಕೂಡಿ ಸ್ವಲ್ಪ ಹೊತ್ತಾದರೆ ಆ್ಯಪುಗಳಿಗೆ ನೆಟ್‌ವರ್ಕ್ ಬಂದ್. ಅಷ್ಟೆಲ್ಲ ಜಗಳ ಆಡಿಸಿದ ವೇಕ್‌ಲಾಕಿಗೂ ಬೆಲೆಯಿಲ್ಲ. ಆಗಾಗ ಬಾಗಿಲು ಒಂದಿಷ್ಟು ಹೊತ್ತು ತೆರೆಯುತ್ತದೆ, ಹೊತ್ತು ಕಳೆದಂತೆ ಆ ಬಿಡುವುಗಳ ನಡುವಿನ ಅಂತರ ಹಿಗ್ಗುತ್ತದೆ.

ನಮ್ಮ ಕಿಟಕಿಯ ಒಗಟು ಇಷ್ಟೇ. ಪರದೆ ಸದಾ ಆರಿತ್ತು, ಫೋನು ಕದಲುತ್ತಿರಲಿಲ್ಲ, ಮೂರನೆಯ ಷರತ್ತನ್ನು ಕರೆಂಟು ಹೋಗಿ ಪೂರೈಸಿತು. ಅಮ್ಮ ಎತ್ತಿ ಗುಂಡಿ ಒತ್ತಿದಾಗ ಎರಡು ಷರತ್ತು ಒಟ್ಟಿಗೇ ಮುರಿದವು.

ಜೇಬಿನಲ್ಲಿ ಹೊತ್ತು ತಿರುಗುವ ಫೋನಿಗೆ ಡೋಜ್ ದೊಡ್ಡ ಉಪಕಾರ, ಅದರಲ್ಲಿ ನನಗೆ ಅನುಮಾನವಿಲ್ಲ. ಕಿಟಕಿಗೆ ಕಟ್ಟಿದ ಫೋನಿಗೆ ಮಾತ್ರ ಅದು ಶನಿ. ಆ್ಯಪಿಗೆ ಬ್ಯಾಟರಿ ಆಪ್ಟಿಮೈಸೇಷನ್‌ನಿಂದ ವಿನಾಯಿತಿ ಕೊಟ್ಟೆ. ಅದಾದ ಮೇಲೂ, ತಯಾರಕರು ತಾವೇ ಸೇರಿಸಿದ ಬ್ಯಾಟರಿ ಉಳಿಕೆಯ ವ್ಯವಸ್ಥೆಯೊಂದು ರಾತ್ರೋರಾತ್ರಿ ಆ್ಯಪಿನ ಕತ್ತು ಹಿಸುಕುತ್ತಿತ್ತು. ಫೋನೇ ಅಲಾರಾಂ ಇಟ್ಟುಕೊಂಡು ಎದ್ದು ‘ನನ್ನನ್ನು ಯಾರಾದರೂ ಕೇಳಿದರಾ?’ ಎಂದು ವಿಚಾರಿಸುವ ದಾರಿಯೂ ಇದೆ. ಆದರೆ ಡೋಜ್ ಇರುವಾಗ ಒಂದು ಆ್ಯಪು ಹಾಗೆ ಏಳಬಹುದಾದ್ದು ಒಂಬತ್ತು ನಿಮಿಷಕ್ಕೊಮ್ಮೆ. ಮಲೆನಾಡಿನ ಮಳೆಗೆ ಒಂಬತ್ತು ನಿಮಿಷ ಸಿಕ್ಕರೆ ಅಡಿಕೆಯ ಜೊತೆ ಟಾರ್ಪಾಲೂ ತೇಲುತ್ತದೆ.

ಉಳಿದದ್ದು ಫೈರ್‌ಬೇಸಿನ ‘ಹೆಚ್ಚಿನ ಆದ್ಯತೆ’ಯ ಸಂದೇಶ. ಡೋಜ್ ಮಧ್ಯೆಯೂ ಅದಕ್ಕೆ ಬಾಗಿಲು ತೆರೆಯುತ್ತದೆ, ಸಂದೇಶ ಪಡೆದ ಆ್ಯಪಿಗೆ ತುಸು ಹೊತ್ತು ನೆಟ್‌ವರ್ಕೂ ಸಿಗುತ್ತದೆ. ಕೆಲಸ ಆಗುತ್ತದೆ ನಿಜ. ಆದರೆ ನನ್ನದೇ ದುಡ್ಡಿನ ಫೋನನ್ನು ನಮ್ಮದೇ ಮನೆಯಲ್ಲಿ ಎಬ್ಬಿಸಲು ಗೂಗಲ್ ಸರ್ವರಿನ ಶಿಫಾರಸು ಬೇಕೆಂದರೆ ಮನಸ್ಸು ಒಪ್ಪಲಿಲ್ಲ.

ದಾರಿ ತೋರಿಸಿದ್ದು ಪಕ್ಕದ ತೋಟದ ಪಂಪು. ಅಲ್ಲಿನ ಮೊಬೈಲ್ ಸ್ಟಾರ್ಟರಿನಲ್ಲೊಂದು ಸಿಮ್ ಇದೆ, ಆ ನಂಬರಿಗೆ ರಿಂಗ್ ಕೊಟ್ಟರೆ ಮೋಟಾರು ಚಾಲೂ. ನಾನೂ ಕಿಟಕಿಯ ಫೋನಿಗೆ ಸಿಮ್ ಹಾಕಿಸಿದೆ, ನನ್ನ ನಂಬರಿನಿಂದ ಕರೆ ಬಂದರೆ ಫೋಟೊ ತೆಗೆ ಎಂದು ನಿಯಮ ತಿದ್ದಿದೆ. ಮೋಡೆಮ್ ಕೇಳಿಸಿಕೊಳ್ಳುತ್ತದೆ, ದೊಡ್ಡಣ್ಣನನ್ನು ಎಬ್ಬಿಸುತ್ತದೆ, ಪರದೆ ಹೊತ್ತಿಕೊಳ್ಳುತ್ತದೆ, ಡೋಜ್ ಓಡಿಹೋಗುತ್ತದೆ.

ಹೋದ ವಾರ ಕರೆಂಟು ಹೋದಾಗ ಮಿಸ್ಡ್ ಕಾಲ್ ಕೊಟ್ಟು ನೋಡಿದೆ. ಎರಡನೇ ರಿಂಗಿಗೇ ಅಮ್ಮ ಎತ್ತಿಕೊಂಡಳು.

‘ಮಳೆ ಬಂತಾ ಅಂತ ತಾನೆ? ಇಲ್ಲ, ಬಿಸಿಲೇ ಇದೆ. ಈಗಷ್ಟೇ ಕೈಯಾಡಿಸಿ ಬಂದೆ.’