ಹಿತ್ತಲ ಕೊಟ್ಟಿಗೆಯಲ್ಲಿ ಮೋಟಾರಿನ ಮೈ

ಮೋಟಾರು ಗಾಡಿಯ ಮೈಯೆಂದರೆ ಉಕ್ಕಿನ ತಗಡಿನದು, ಅದನ್ನು ದೊಡ್ಡ ಕಾರ್ಖಾನೆಗಳಲ್ಲಿ ಭಾರಿ ಯಂತ್ರಗಳು ಒತ್ತಿ ತೆಗೆಯತಕ್ಕವು, ಗೃಹಸ್ಥನಾದವನು ಅದರಲ್ಲಿ ಕೈಹಾಕುವ ಪ್ರಸಕ್ತಿಯೇ ಇಲ್ಲವೆಂದು ನಾನು ಬಹುಕಾಲ ನಂಬಿದ್ದೆನು. ಮೈಸೂರಿನ ನಮ್ಮ ಅಕ್ಕನ ಮನೆಯ ಹಿತ್ತಲಿನಲ್ಲಿ, ಹಸುಗಳಿಲ್ಲದೆ ಬರಿದಾಗಿದ್ದ ಕೊಟ್ಟಿಗೆಯಲ್ಲಿ, ಆಕೆಯ ಮಗನು ಒಂದು ಹಳೆಯ ಮಾರುತಿ 800 ಕಾರಿಗೆ ಹೊಸ ಬಾನೆಟ್ಟನ್ನೂ ಮುಂದಿನ ಎರಡು ಮಡ್‌ಗಾರ್ಡುಗಳನ್ನೂ ತನ್ನ ಕೈಯಿಂದಲೇ ಮಾಡಿದುದನ್ನು ಕಂಡಮೇಲೆ ಆ ನಂಬಿಕೆ ಅಳಿಯಿತು. ಆ ಕಾರು ಬೀದಿಯಲ್ಲಿ ಓಡತಕ್ಕದ್ದಲ್ಲ. ಪಂದ್ಯದ ಪಥದಲ್ಲಿ ಓಡಿಸಲೆಂದೇ ಸಿದ್ಧಪಡಿಸಿದುದು. ಅದನ್ನು ಪಥದವರೆಗೆ ಲಾರಿಯ ಮೇಲೆ ಹೇರಿಕೊಂಡೇ ಹೋಗುವರು.

ಗಾಜಿನಿಂದ ಕಾರಿನ ಮೈಯೇ ಎಂದು ವಾಚಕರು ಬೆರಗಾಗಬಹುದು. ಕಿಟಕಿಯ ಗಾಜು ಬೇರೆ, ಇದು ಬೇರೆ. ಕರಗಿಸಿದ ಗಾಜನ್ನು ಕೂದಲಿಗಿಂತ ಸಣ್ಣ ಎಳೆಗಳಾಗಿ ಎಳೆದರೆ ಅವು ಬಟ್ಟೆಯ ನೂಲಿನಂತೆ ಬಾಗುವುವು. ಜಗ್ಗಿದರೆ ಸುಲಭವಾಗಿ ತುಂಡಾಗುವುದಿಲ್ಲ. ಅಂತಹ ಎಳೆಗಳನ್ನು ಹಾಸಿ ಚಾಪೆಯಂತೆ ಮಾಡಿ, ಜೇನಿನಂತೆ ಮಂದವಾದ ರೆಸಿನ್ ಎಂಬ ದ್ರವದಲ್ಲಿ ನೆನೆಸಿ ಗಟ್ಟಿಗೊಳಿಸಿದರೆ ಅದೇ ಫೈಬರ್ ಗ್ಲಾಸ್. ಗೋಡೆಯ ಮಣ್ಣಿಗೆ ನಮ್ಮ ಹಿರಿಯರು ಹುಲ್ಲು ಬೆರೆಸುತ್ತಿದ್ದ ಉಪಾಯವೇ ಇದು. ಮಣ್ಣಿನ ಬದಲು ರೆಸಿನ್, ಹುಲ್ಲಿನ ಬದಲು ಗಾಜು.

ಗಾಜಿನ ಎಳೆಯನ್ನು ವ್ಯಾಪಾರಕ್ಕಾಗಿ ತಯಾರಿಸುವ ಕ್ರಮವು 1930ರ ದಶಕದಲ್ಲಿ ಅಮೆರಿಕದ ಓಹಾಯೋ ಪ್ರಾಂತದಲ್ಲಿ ರೂಢಿಗೆ ಬಂದಿತು. ಅದನ್ನು ಕಾರಿಗೆ ಹೊಂದಿಸಿದವರಲ್ಲಿ ಮೊದಲಿಗರಾದ ಕ್ಯಾಲಿಫೋರ್ನಿಯದ ಬಿಲ್ ಟ್ರಿಟ್ ಎಂಬವರು ದೋಣಿ ಕಟ್ಟುತ್ತಿದ್ದವರು. ಅವರು 1950ರ ಸುಮಾರಿಗೆ ಸ್ನೇಹಿತರೊಬ್ಬರ ಹಳೆಯ ಜೀಪಿನ ಚೌಕಟ್ಟಿನ ಮೇಲೆ ದೋಣಿಯ ಕಸಬಿನಿಂದಲೇ ಒಂದು ಅಂದವಾದ ಮೈಯನ್ನು ಕೂರಿಸಿದರು. 1953ರಲ್ಲಿ ಷೆವ್ರೊಲೆ ಸಂಸ್ಥೆಯು ಕಾರ್ವೆಟ್ ಎಂಬ ಕಾರನ್ನು ಇದೇ ವಸ್ತುವಿನಿಂದ ಹೊರತಂದಿತು. ಆ ವರ್ಷ ತಯಾರಾದವು 300 ಮಾತ್ರ. ನಮ್ಮವರೂ ಹಿಂದುಳಿಯಲಿಲ್ಲ. ಬೆಂಗಳೂರಿನ ಸಿಪಾನಿ ಸಂಸ್ಥೆಯು 1980ರ ದಶಕದಲ್ಲಿ ಡಾಲ್ಫಿನ್ ಎಂಬ ಪುಟ್ಟ ಕಾರನ್ನು ತಯಾರಿಸಿತು. ಇಂಗ್ಲೆಂಡಿನ ರಿಲಯಂಟ್ ಕಿಟನ್ ಎಂಬ ಕಾರಿನ ಮಾದರಿಯ ಅದರ ಮೈ ಪೂರ್ತಿ ಫೈಬರ್ ಗ್ಲಾಸಿನದಾಗಿತ್ತು. ಪೇಟೆಯಲ್ಲಿ ಅದು ಮಾರುತಿಯ ಮುಂದೆ ನಿಲ್ಲಲಾರದೆ ಹೋಯಿತು. ಆದರೆ ಹಗುರಾದ ಮೈಯ ದೆಸೆಯಿಂದ ಪಂದ್ಯಗಾರರ ಪ್ರೀತಿಯನ್ನು ಗಳಿಸಿತು.

ಈ ಹಗುರವೇ ಮುಖ್ಯ ವಿಷಯ. ಉಕ್ಕಿನ ತಗಡು 0.8 ಮಿಲಿಮೀಟರ್ ದಪ್ಪವಿದ್ದರೆ ಚದರ ಮೀಟರಿಗೆ 6 ಕಿಲೋಗ್ರಾಮಿಗೂ ಮೇಲೆ ತೂಗುವುದು. ಅಷ್ಟೇ ಅಗಲಕ್ಕೆ ಎರಡು ಪದರ ಗಾಜಿನ ಚಾಪೆ ಹಾಕಿದ ಫೈಬರ್ ಹಾಳೆಯು ಸುಮಾರು ಮೂರೂವರೆ ಕಿಲೋಗ್ರಾಮು. ಪಂದ್ಯದ ಕಾರಿನಲ್ಲಿ ಇಳಿಸಿದ ಒಂದೊಂದು ಕಿಲೋಗ್ರಾಮೂ ವೇಗ ಹಿಡಿಯುವಾಗಲೂ ಬ್ರೇಕು ಹಾಕುವಾಗಲೂ ಲಾಭವೇ. ಅಲ್ಲದೆ ಅಗಲವಾದ ಟೈರುಗಳಿಗೆ ಎಡೆಯಾಗುವಂತೆ ಮಡ್‌ಗಾರ್ಡನ್ನು ಉಬ್ಬಿಸಬೇಕಾದರೆ, ತಗಡು ಬಡಿಯುವ ನುರಿತ ಕೈ ಇಲ್ಲದವನಿಗೆ ಅಚ್ಚಿನ ಮಾರ್ಗವೇ ಸುಗಮ.

ಸುಗಮವೆಂದೆನು, ಸುಲಭವೆನ್ನಲಿಲ್ಲ. ಈ ಕೆಲಸದಲ್ಲಿ ಎಲ್ಲವೂ ತಿರುವುಮುರುವು. ಕೊನೆಗೆ ಕಣ್ಣಿಗೆ ಕಾಣುವ ಹೊರಮೈಯನ್ನೇ ಮೊದಲು ಬಳಿಯಬೇಕು. ಅದಕ್ಕೂ ಮುಂಚೆ ಅಚ್ಚು ಬೇಕು; ಅಚ್ಚಿಗೂ ಮುಂಚೆ ಮಾದರಿ ಬೇಕು. ನಮ್ಮ ಹುಡುಗನು ಕಾರಿನ ಹಳೆಯ ಮಡ್‌ಗಾರ್ಡನ್ನೇ ಮಾದರಿಗೆ ಆಧಾರವಾಗಿ ಇಟ್ಟುಕೊಂಡು, ಅದರ ಮೇಲೆ ಪಾಲಿಯುರಿಥೇನ್ ನೊರೆಹಲಗೆಯನ್ನು ಅಂಟಿಸಿ ಕೆತ್ತಿ, ಪುಟ್ಟಿ ಮೆತ್ತಿ, ಉಬ್ಬನ್ನು ತಂದನು. ಮೊದಲು ಅವನು ತಂದಿದ್ದುದು ಥರ್ಮೊಕೋಲ್. ಪಾಲಿಯೆಸ್ಟರ್ ರೆಸಿನ್ ತಗುಲಿದೊಡನೆ ಥರ್ಮೊಕೋಲು ನೀರಿಗೆ ಬಿದ್ದ ಬೆಲ್ಲದಂತೆ ಕರಗಿಹೋಗುವುದೆಂದು ಒಂದು ಚೂರನ್ನು ಪರೀಕ್ಷಿಸಿ ತಿಳಿದುಕೊಂಡುದು ಅವನ ಪುಣ್ಯ. ತರುವಾಯ ಉಜ್ಜುವ ಕೆಲಸ. ಮರಳುಕಾಗದದಿಂದ ಒರಟಿನಿಂದ ನಯದವರೆಗೆ ಉಜ್ಜಿದನು, ಬಣ್ಣ ಹಾಕಿದನು, ಮತ್ತೆ ಉಜ್ಜಿದನು. ಮಾದರಿಯಲ್ಲಿ ಉಗುರಿಗೆ ಸಿಕ್ಕುವ ಗೆರೆಯಿದ್ದರೆ ಅಚ್ಚಿಗೂ ಆ ಗೆರೆಯೇ ಬರುವುದು. ಅಚ್ಚಿನಿಂದ ತೆಗೆದ ಪ್ರತಿಯೊಂದು ತುಂಡಿಗೂ ಬರುವುದು. ಐದು ವಾರಗಳ ಸಂಜೆಗಳು ಇದರಲ್ಲಿಯೇ ಕಳೆದುವು. ನೋಡಲು ಹೋದ ನೆಂಟರಿಗೆ ಕಾಣುತ್ತಿದ್ದುದು ಧೂಳು ಮಾತ್ರ.

ಮಾದರಿಯು ಕನ್ನಡಿಯಂತಾದ ಮೇಲೆ ಮೇಣವನ್ನು ಐದಾರು ಸಲ ಹಚ್ಚಿ, ಪ್ರತಿಸಲವೂ ಒಣಗಗೊಟ್ಟು ಒರಸಬೇಕು. ಅದರ ಮೇಲೆ ನೀರಿನಲ್ಲಿ ಕರಗುವ ಒಂದು ತೆಳುವಾದ ಪೊರೆಯನ್ನು ಬಳಿಯುವರು. ಇಷ್ಟಾದಮೇಲೆ ಜೆಲ್‌ಕೋಟ್ ಎಂಬ ಗಟ್ಟಿ ರೆಸಿನ್ನಿನ ಲೇಪ, ಸುಮಾರು ಅರ್ಧ ಮಿಲಿಮೀಟರ್. ಅದು ಬೆರಳಿಗೆ ಅಂಟಬೇಕು, ಆದರೆ ಬೆರಳಿನೊಡನೆ ಬರಕೂಡದು; ಆ ಹದದಲ್ಲಿ ಗಾಜಿನ ಚಾಪೆಯನ್ನು ಹಾಸಿ, ರೆಸಿನ್ ಬಳಿದು, ಗೀರುಗಳುಳ್ಳ ಉರುಳೆಯಿಂದ ಗಾಳಿಗುಳ್ಳೆಗಳನ್ನು ಹೊರಡಿಸಬೇಕು. ಚಾಪೆಯ ತೂಕಕ್ಕೆ ಎರಡರಿಂದ ಎರಡೂವರೆ ಪಟ್ಟು ರೆಸಿನ್ ಸಾಕು. ಹೆಚ್ಚು ಸುರಿದರೆ ತೂಕವೂ ಹೆಚ್ಚು, ಮೈಯೂ ಬಿರುಸಾಗಿ ಒಡೆಯುವುದು. ರೆಸಿನ್ನಿಗೆ ನೂರಕ್ಕೆ ಒಂದೆರಡು ಭಾಗ ಹಾರ್ಡ್ನರ್ ಸೇರಿಸಿದ ಮೇಲೆ ಕೈಗೆ ಉಳಿಯುವ ಕಾಲವು ಕಾಲುಗಂಟೆಯಿಂದ ಅರ್ಧಗಂಟೆ. ಪಾಕ ಮಾಡಿದವರಿಗೆ ಹೇಳಬೇಕಾಗಿಲ್ಲ: ಹದ ಮೀರಿದರೆ ಮತ್ತೆ ಹಿಂದಕ್ಕೆ ಬರುವುದಿಲ್ಲ. ಅಚ್ಚನ್ನು ತುಂಡಿಗಿಂತ ಎರಡು ಮೂರು ಪಟ್ಟು ದಪ್ಪವಾಗಿ ಮಾಡಿ, ಬೆನ್ನಿಗೆ ಮರದ ಪಟ್ಟಿಗಳನ್ನು ಕೂಡಿಸಿ, ಒಂದು ವಾರ ಅಲುಗಿಸದೆ ಬಿಡುವುದು ಒಳ್ಳೆಯದು.

ಅವನು ಹಾಗೆಯೇ ಬಿಟ್ಟನು. ಎಂಟನೆಯ ದಿನ ಅಚ್ಚು ಬಿಡಲಿಲ್ಲ. ಮರದ ಬೆಣೆಗಳನ್ನು ಹೊಡೆದನು, ಸಂದಿಗೆ ನೀರು ಸುರಿದನು, ಸುತ್ತಲೂ ತಟ್ಟಿದನು. ಕೊನೆಗೆ ರೇಗಿ ಉಳಿ ಹಿಡಿದನು. ಅಚ್ಚೂ ಸೀಳಿತು, ಮಾದರಿಯೂ ಮುರಿಯಿತು. ಅದು ಸಂಕ್ರಾಂತಿಗೆ ಮುಂಚಿನ ವಾರ. ಅಕ್ಕ ಸಕ್ಕರೆ ಅಚ್ಚಿನ ಮರದ ಪಡಿಗಳನ್ನು ಬೋಗುಣಿಯಲ್ಲಿ ನೆನೆಹಾಕಿ ಕುಳಿತಿದ್ದಳು. ಮಗನ ಮುಖವನ್ನು ನೋಡಿ ಎದ್ದುಬಂದು, ಮುರಿದ ಅಚ್ಚಿನ ಅಂಚನ್ನು ಬೆರಳಿನಿಂದ ಸವರಿ, “ಇದು ಒಳಕ್ಕೆ ಮಡಿಚಿಕೊಂಡಿದೆಯಲ್ಲೋ! ಒಂದೇ ತುಂಡು ಮಾಡಿದರೆ ಹೇಗೆ ಬಿಟ್ಟೀತು? ನಮ್ಮ ಆನೆಯ ಅಚ್ಚು ಎರಡು ಹೋಳಿಲ್ಲವೇ?” ಎಂದಳು.

ಹುಡುಗನು ಬಹಳ ಹೊತ್ತು ಮಾತಾಡಲಿಲ್ಲ. ಮಡ್‌ಗಾರ್ಡಿನ ಕೆಳಗಣ ಅಂಚು ಚಕ್ರದ ಕಡೆಗೆ ತಿರುಗಿರುವುದರಿಂದ ಅಚ್ಚಿಗೆ ಅದು ಕೊಕ್ಕೆಯಾಗಿ ಪರಿಣಮಿಸಿತ್ತು. ಎರಡನೆಯ ಸಲ ಅವನು ಅಂಚಿನ ಗೆರೆಯುದ್ದಕ್ಕೂ ಜೇಡಿಮಣ್ಣಿನ ದಂಡೆಯನ್ನು ಕಟ್ಟಿ, ಅಚ್ಚಿನ ಒಂದು ಹೋಳನ್ನು ಮೊದಲು ಮಾಡಿದನು. ಅದು ಗಟ್ಟಿಯಾದ ಮೇಲೆ ದಂಡೆಯನ್ನು ತೆಗೆದು, ಕೂಡುವ ಅಂಚಿಗೆ ಮೇಣ ಹಚ್ಚಿ, ಇನ್ನೊಂದು ಹೋಳನ್ನು ಅದಕ್ಕೆ ಒರಗಿಸಿ ಮಾಡಿದನು. ಬಿಡಿಸುವುದಕ್ಕೆ ಮುಂಚೆಯೇ ಎರಡಕ್ಕೂ ಒಟ್ಟಿಗೆ ತೂತು ಕೊರೆದು ಬೋಲ್ಟು ಹಾಕಿದುದರಿಂದ ಹೋಳುಗಳು ಮತ್ತೆ ಮತ್ತೆ ಕೂದಲೆಳೆಯ ಹೆಚ್ಚುಕಡಿಮೆಯಿಲ್ಲದೆ ಕೂಡುತ್ತಿದ್ದುವು. ಈ ಸಲ ಬೋಲ್ಟು ಬಿಚ್ಚಿ ನೀರು ಬಿಟ್ಟೊಡನೆ ಮೃದುವಾದ ಒಂದು ಸದ್ದಿನೊಡನೆ ಅಚ್ಚು ತಾನಾಗಿ ಬಿಟ್ಟಿತು.

ಇನ್ನು ಗೃಹಸ್ಥರು ಮುಖ್ಯವಾಗಿ ಗಮನಿಸಬೇಕಾದ ಸಂಗತಿ. ಈ ಕಸಬಿನ ಅಪಾಯವು ಹತಾರಗಳಲ್ಲಿಲ್ಲ, ಡಬ್ಬಿಗಳಲ್ಲಿದೆ. ಹಾರ್ಡ್ನರ್ ಎಂಬ ನೀರಿನಂತಹ ದ್ರವವು ಒಂದು ತೊಟ್ಟು ಕಣ್ಣಿಗೆ ಬಿದ್ದರೂ ದೃಷ್ಟಿ ಹೋಗಬಹುದು. ಬಿದ್ದರೆ ಆ ಕ್ಷಣವೇ ಧಾರಾಳವಾಗಿ ನೀರು ಬಿಟ್ಟು ತೊಳೆಯುತ್ತಿದ್ದು, ವೈದ್ಯರ ಬಳಿಗೆ ಹೋಗತಕ್ಕದ್ದು. ನಮ್ಮ ಹುಡುಗನ ರಕ್ಷಣೆಯ ಕನ್ನಡಕದ ಮೇಲೆ ಈಗಲೂ ಅಂತಹ ಒಂದು ತೊಟ್ಟಿನ ಕಲೆಯಿದೆ. ಕನ್ನಡಕವಿಲ್ಲದೆ ಕೊಟ್ಟಿಗೆಗೆ ಕಾಲಿಡಕೂಡದೆಂದು ಅಕ್ಕ ಹಟಹಿಡಿದಿದ್ದಳು. ರೆಸಿನ್ನಿಗೆ ಸೇರಿಸುವ ಕೋಬಾಲ್ಟ್ ಎಂಬ ನೇರಿಳೆ ದ್ರವವನ್ನು ಈ ಹಾರ್ಡ್ನರಿನೊಡನೆ ನೇರವಾಗಿ ಎಂದೆಂದಿಗೂ ಬೆರಸಬಾರದು, ಬೆರಸಿದರೆ ಸಿಡಿಯುವುದು. ಕೋಬಾಲ್ಟನ್ನು ಮೊದಲು ರೆಸಿನ್ನಿನಲ್ಲಿ ಪೂರ್ತಿ ಕಲಸಿದ ಮೇಲೆಯೇ ಹಾರ್ಡ್ನರಿನ ಸರದಿ. ಬಟ್ಟಲಿನಲ್ಲಿ ಉಳಿದ ರೆಸಿನ್ ತಾನಾಗಿ ಕಾದು ಹೊಗೆಯಾಡುವುದುಂಟು. ಅದನ್ನು ಅಗಲವಾದ ತಟ್ಟೆಯಲ್ಲಿ ತೆಳ್ಳಗೆ ಹರಡಿ ಹೊರಗಿಡಬೇಕು. ಆವಿಯನ್ನು ಮೂಗಿಗೆ ಕಟ್ಟಿದ ಬಟ್ಟೆಯು ತಡೆಯದು. ಅದಕ್ಕೆ ತಕ್ಕ ಮುಖವಾಡವೇ ಬೇಕು. ಒಲೆಯಾಗಲಿ ದೇವರ ದೀಪವಾಗಲಿ ಸಮೀಪದಲ್ಲಿರಕೂಡದು. ಗಾಜಿನ ಧೂಳು ಹತ್ತಿದ ಬಟ್ಟೆಗಳನ್ನು ಮನೆಯವರ ಬಟ್ಟೆಗಳೊಡನೆ ಒಗೆಯಬಾರದು. ಒಮ್ಮೆ ಒಗೆದುದರ ಫಲವಾಗಿ ಆ ಮನೆಯ ಸಣ್ಣ ಮಕ್ಕಳೆಲ್ಲರೂ ಎರಡು ದಿನ ಮೈ ತುರಿಸಿಕೊಂಡರು. ಖಾಲಿಯಾದ ಷರಬತ್ತಿನ ಸೀಸೆಗೆ ಈ ದ್ರವಗಳನ್ನು ತುಂಬಿಡುವವರನ್ನು ನಾನು ನೋಡಿದ್ದೇನೆ. ಮಕ್ಕಳಿರುವ ಮನೆಯಲ್ಲಿ ಅದಕ್ಕಿಂತ ದೊಡ್ಡ ಅವಿವೇಕವಿಲ್ಲ.

ಮಳೆಗಾಲದಲ್ಲಿ ಈ ಕೆಲಸಕ್ಕೆ ಕೈಹಾಕದಿರುವುದೇ ಮೇಲು. ಗಾಳಿಯ ತೇವದಿಂದ ಮೇಲ್ಮೈ ಅಂಟಂಟಾಗಿಯೇ ಉಳಿಯುವುದು. ಇನ್ನೊಂದು ಮಾತು: ಈ ಮೈಯು ಹೊದಿಕೆಯೇ ಹೊರತು ಕವಚವಲ್ಲ. ಚಾಲಕನ ಪ್ರಾಣವನ್ನು ಕಾಯುವುದು ಒಳಗಿನ ಉಕ್ಕಿನ ಕೊಳವೆಗಳ ಪಂಜರ. ಅದನ್ನು ಬಲ್ಲವರಿಂದಲೇ ಬೆಸೆಯಿಸಬೇಕು. ಹಗುರಾದ ಬಾನೆಟ್ಟು ವೇಗದಲ್ಲಿ ಗಾಳಿಗೆ ಎದ್ದು ಗಾಜಿಗೆ ಬಡಿಯದಂತೆ ನಾಲ್ಕು ಮೂಲೆಗಳಲ್ಲಿಯೂ ಪಿನ್ನು ಹಾಕಿ ಬಿಗಿಯತಕ್ಕದ್ದು.

ಚೆನ್ನೈ ಸಮೀಪದ ಇರುಂಗಟ್ಟುಕೊಟ್ಟೈ ಪಥದಲ್ಲಿ ಮೊದಲನೆಯ ದಿನವೇ ಮತ್ತೊಂದು ಕಾರು ಒರಸಿ ಎಡಗಡೆಯ ಮಡ್‌ಗಾರ್ಡು ಹರಿದು ಮೂರು ಚೂರಾಯಿತು. ಸುದ್ದಿ ಕೇಳಿ ನಾನು ಮರುಗುತ್ತ ಮೈಸೂರಿಗೆ ಹೋದೆನು. ಕೊಟ್ಟಿಗೆಯಲ್ಲಿ ಅಚ್ಚಿನ ಎರಡು ಹೋಳುಗಳೂ ಬೋಲ್ಟು ಬಿಗಿದುಕೊಂಡು ನಿಂತಿದ್ದುವು. ಒಳಗೆ ಹೊಸ ಮಡ್‌ಗಾರ್ಡು ಗಟ್ಟಿಯಾಗುತ್ತಿತ್ತು. ಎರಡು ಸಂಜೆಯ ಕೆಲಸವಂತೆ. ಹುಡುಗನು ಜಗಲಿಯ ಮೇಲೆ ಕುಳಿತು ಉರುಳೆಯನ್ನು ತೊಳೆಯುತ್ತಿದ್ದನು, ಕನ್ನಡಕವನ್ನು ಇನ್ನೂ ತೆಗೆದಿರಲಿಲ್ಲ.