ಖಾಲಿ ತೋಟಾ ತುಂಬುವ ಹಳೇ ಕಬ್ಬಿಣ

ಮೇಲ್ನೋಟಕ್ಕೆ ಅದೊಂದು ದೊಡ್ಡ ಅಡಕತ್ತರಿ. ಎರಡು ಹಿಡಿಕೆ, ನಡುವೆ ಒಂದು ಕೀಲು, ಮೈಗೆಲ್ಲ ನಿಕ್ಕಲ್ ಮೆರುಗು. ಆದರೆ ಅಲಗು ಇರಬೇಕಾದಲ್ಲಿ ಸೀಸದ ಗುಂಡು ಎರಕ ಹೊಯ್ಯುವ ಪುಟ್ಟ ಅಚ್ಚಿದೆ. ಕಿಡಿ ಹೊತ್ತಿಸುವ ಹೊಸ ಕೇಪು ಕೂರಿಸಲು, ಮದ್ದು ತುಂಬಿದ ಮೇಲೆ ಗುಂಡನ್ನು ಒತ್ತಿ ಬಾಯಿ ಬಿಗಿಯಲು ಅದೇ ಇಕ್ಕಳದಲ್ಲಿ ಬೇರೆ ಬೇರೆ ಜಾಗಗಳಿವೆ. ಅಮೆರಿಕದ ಕನೆಕ್ಟಿಕಟ್ ರಾಜ್ಯದ ನ್ಯೂ ಹೇವನ್ ಊರಿನಲ್ಲಿ ಜಾನ್ ಬಾರ್ಲೊ 1884ರಲ್ಲಿ ಶುರು ಮಾಡಿದ ಐಡಿಯಲ್ ಕಂಪನಿಯ ಮಾಲು ಇದು. ಜೋಳಿಗೆಗೆ ಹಾಕಿಕೊಂಡು ಹೊರಟರೆ ಕಾಡಿನ ಬಿಡಾರದಲ್ಲೇ ಬೆಂಕಿ ಹಾಕಿ, ಸೀಸ ಕರಗಿಸಿ, ಮರುದಿನಕ್ಕೆ ಬೇಕಾದ ತೋಟಾ ತಯಾರು ಮಾಡಿಕೊಳ್ಳಬಹುದಿತ್ತು. ತೊಂದರೆ ಒಂದೇ: ಅಚ್ಚೂ ಹಿಡಿಕೆಯೂ ಒಂದೇ ಲೋಹ. ಕೆಲವು ಗುಂಡು ಹೊಯ್ಯುವಷ್ಟರಲ್ಲಿ ಹಿಡಿಕೆ ಕಾದು ಅಂಗೈ ಚುರ್ರೆನ್ನುತ್ತಿತ್ತು. ಮುಂದೆ ಅಚ್ಚುಗಳಿಗೆ ಮರದ ಹಿಡಿ ಬಂದದ್ದರ ಹಿಂದೆ ಎಷ್ಟು ಬೊಬ್ಬೆಗಳಿದ್ದವೋ!

ಇಂಥ ಇಕ್ಕಳಗಳನ್ನು, ಆಮೇಲೆ ಬಂದ ಎರಕದ ಕಬ್ಬಿಣದ ಪ್ರೆಸ್ಸುಗಳನ್ನು ಹುಡುಕಿ ಕೂಡಿಡುವವರ ದೊಡ್ಡ ಬಳಗವೇ ಅಮೆರಿಕದಲ್ಲಿದೆ. ರೀಲೋಡಿಂಗ್, ಅಂದರೆ ಖಾಲಿ ತೋಟಾ ಮತ್ತೆ ತುಂಬುವ ಕೆಲಸದ ಹಳೇ ಸಲಕರಣೆಗಳ ಸಂಗ್ರಾಹಕರಿಗೆಂದೇ ಒಂದು ಸಂಘವೂ ಇದೆ. ಅಂಚೆಚೀಟಿ, ನಾಣ್ಯ ಕೂಡಿಡುವವರಿಗೂ ಇವರಿಗೂ ಒಂದು ವ್ಯತ್ಯಾಸವುಂಟು. ಇವರಲ್ಲಿ ಅನೇಕರು ತಂದದ್ದನ್ನು ಗಾಜಿನ ಕಪಾಟಿಗೆ ಹಾಕುವುದಿಲ್ಲ, ಮೇಜಿಗೆ ಬೋಲ್ಟು ಹಾಕಿ ಕೂರಿಸುತ್ತಾರೆ.

ಮಲೆನಾಡಿನ ಹಳಬರಿಗೆ ಇದರ ಮೂಲ ವಿದ್ಯೆ ಹೊಸದೇನಲ್ಲ. ಕೇಪಿನ ಕೋವಿಗೆ ಮದ್ದು ಸುರಿದು, ನಾರು ತುರುಕಿ, ಚರೆ ಹಾಕಿ ಜಡಿದು ಪ್ರತಿಯೊಂದು ಈಡನ್ನೂ ಕೈಯಾರೆ ಕಟ್ಟುತ್ತಿದ್ದವರು ಅವರು. ತೋಟಾ ಕೋವಿ ಬಂದಾಗ ಮದ್ದು, ಗುಂಡು, ಕೇಪು ಮೂರೂ ಒಂದೇ ಹಿತ್ತಾಳೆಯ ಕೊಳವೆಯೊಳಗೆ ಸೇರಿದವು. ಈಡು ಹಾರಿದ ಮೇಲೆ ಮೂರೂ ಖರ್ಚಾಗುತ್ತವೆ, ಕೊಳವೆ ಮಾತ್ರ ಉಳಿಯುತ್ತದೆ. ತೋಟಾದಲ್ಲಿ ಹೆಚ್ಚು ಬೆಲೆಯ ಭಾಗವೇ ಅದು. 1870ರ ದಶಕದಲ್ಲಿ ಅಮೆರಿಕದ ಬಯಲುಗಳಲ್ಲಿ ಕಾಡೆಮ್ಮೆ ಬೇಟೆಗಿಳಿದಿದ್ದವರು ಶಾರ್ಪ್ಸ್ ಕೋವಿಯ ಖಾಲಿ ಕೊಳವೆಗಳನ್ನು ಜೋಪಾನವಾಗಿ ಆಯ್ದಿಟ್ಟುಕೊಂಡು ರಾತ್ರಿ ಮತ್ತೆ ತುಂಬುತ್ತಿದ್ದರು. ಅಂಗಡಿ ನೂರಾರು ಮೈಲಿ ದೂರವಿದ್ದಾಗ ಬೇರೆ ದಾರಿ ಏನಿತ್ತು? ವಿಂಚೆಸ್ಟರ್ ಕಂಪನಿ ಕೋವಿಯ ಜೊತೆಗೇ ತುಂಬುವ ಇಕ್ಕಳವನ್ನೂ ಮಾರತೊಡಗಿತು.

ತೋಟಾ ಮತ್ತೆ ತುಂಬುವ ಹವ್ಯಾಸ ಅಮೆರಿಕದಲ್ಲೇ ಇಷ್ಟು ಬೇರುಬಿಟ್ಟದ್ದಕ್ಕೆ ಕೇಪಿನ ಬುಡದಲ್ಲಿ ಒಂದು ಕಾರಣವಿದೆ. ಹೆಚ್ಚುಕಡಿಮೆ ಒಂದೇ ಹೊತ್ತಿಗೆ, 1866ರ ಸುಮಾರಿಗೆ, ಇಬ್ಬರು ಎರಡು ಬಗೆಯ ಕೇಪು ಕಂಡುಹಿಡಿದರು. ಅಮೆರಿಕದ ಹೈರಮ್ ಬರ್ಡನ್ ಮಾಡಿದ ತೋಟಾದಲ್ಲಿ ಕಿಡಿ ಒಳಗೆ ಹೋಗಲು ಸಾಮಾನ್ಯವಾಗಿ ಎರಡು ಸಣ್ಣ ತೂತು, ಅದೂ ನಡುವಿನಲ್ಲಲ್ಲ, ಪಕ್ಕಕ್ಕೆ. ಇಂಗ್ಲೆಂಡಿನ ಸೇನಾಧಿಕಾರಿ ಎಡ್ವರ್ಡ್ ಬಾಕ್ಸರ್ ಮಾಡಿದ್ದರಲ್ಲಿ ಸರಿಯಾಗಿ ನಡುವೆ ಒಂದೇ ತೂತು. ಆ ಒಂದು ತೂತಿನೊಳಗೆ ಮೇಲಿನಿಂದ ಸೂಜಿಯಂಥ ಕಡ್ಡಿ ಇಳಿಸಿದರೆ ಸುಟ್ಟ ಕೇಪು ಟಿಕ್ಕೆಂದು ಉದುರುತ್ತದೆ. ಬರ್ಡನ್ ಕೇಪನ್ನು ಕೀಳುವುದು ಮಾತ್ರ ರೇಜಿಗೆಯ ಕೆಲಸ. ತಮಾಷೆಯೆಂದರೆ ಇಂಗ್ಲಿಷಿನವನ ಕೇಪನ್ನು ಅಮೆರಿಕ ಅಪ್ಪಿಕೊಂಡಿತು, ಅಮೆರಿಕದವನದ್ದು ಯುರೋಪಿನ ಬಹುಭಾಗಕ್ಕೆ ಹೋಯಿತು. ಆ ವಿನಿಮಯ ಆಗದೇ ಹೋಗಿದ್ದರೆ ಅಮೆರಿಕದ ಗ್ಯಾರೇಜುಗಳಲ್ಲಿ ಇಷ್ಟೊಂದು ಪ್ರೆಸ್ಸುಗಳು ಕಾಣುತ್ತಿದ್ದವೇ ಅನ್ನುವುದು ಅನುಮಾನ.

ಇಕ್ಕಳದ ಕಾಲ ಮುಗಿದದ್ದು ನಿಧಾನವಾಗಿ. ಐಡಿಯಲ್ ಕಂಪನಿಯನ್ನು 1925ರಲ್ಲಿ ಲೈಮನ್ ಕೊಂಡುಕೊಂಡಿತು, ಅದೇ ಜಾತಿಯ ಇಕ್ಕಳವನ್ನು 310 ಎಂಬ ಹೆಸರಲ್ಲಿ ದಶಕಗಟ್ಟಲೆ ಮಾರಿತು. ಆದರೆ ಈಡು ಹಾರಿದಾಗ ಹಿತ್ತಾಳೆ ಉಬ್ಬಿ ಕೋವಿಯ ಗೋಡೆಗೆ ಅಂಟುತ್ತದೆ; ಉದ್ದನೆಯ ರೈಫಲ್ ತೋಟಾವನ್ನು ಮತ್ತೆ ಮೊದಲಿನ ಅಳತೆಗೆ ಹಿಂಡಲು ಮುಂಗೈ ಬಲ ಸಾಲದು. ಅದಕ್ಕೆ ಮೇಜಿಗೆ ಬಿಗಿದ ಪ್ರೆಸ್ಸು, ಉದ್ದನೆಯ ಸನ್ನೆಗೋಲು ಬೇಕು. ಪ್ರೆಸ್ಸಿನ ನೆತ್ತಿಗೆ ಉಕ್ಕಿನ ಡೈ ತಿರುಪಿ ಕೂರಿಸಬೇಕು, ಎಣ್ಣೆ ಸವರಿದ ತೋಟಾ ಕೆಳಗಿನಿಂದ ಅದರೊಳಗೆ ಏರಬೇಕು. ಎಣ್ಣೆ ಸವರಲು ಮರೆತರೆ ಅಲ್ಲೇ ಕಚ್ಚಿಕೊಂಡು ಕೂರುತ್ತದೆ, ಬಿಡಿಸಲು ಅರ್ಧ ದಿನ ಬೇಕು.

ಸ್ಯಾನ್ ಫ್ರಾನ್ಸಿಸ್ಕೊದ ಪೆಸಿಫಿಕ್ ಕಂಪನಿಯ ಪ್ರೆಸ್ಸು ಈ ದಾರಿಯಲ್ಲಿ ಮೊದಮೊದಲು ಹೆಸರು ಮಾಡಿದವುಗಳಲ್ಲಿ ಒಂದು. ಕೊನೆಗೆ ಹೆಚ್ಚಿನವರು ಬಂದು ನಿಂತದ್ದು ಡೈ ತಿರುಪಿನ ಒಂದು ಅಳತೆಗೆ: 7/8 ಇಂಚು ವ್ಯಾಸ, ಇಂಚಿಗೆ 14 ಥ್ರೆಡ್. ನನ್ನ ದೃಷ್ಟಿಯಲ್ಲಿ ಈ ಇಡೀ ಕತೆಯ ನಾಯಕ ಈ ಅಳತೆಯೇ. ಪೈಪೋಟಿಗೆ ಬಿದ್ದ ಕಂಪನಿಗಳು ಒಂದೇ ಥ್ರೆಡ್ಡಿಗೆ ಒಪ್ಪಿದ್ದರಿಂದ, ಅಜ್ಜನ ಕಾಲದ ಪ್ರೆಸ್ಸಿಗೆ ಇವತ್ತು ಅಂಗಡಿಯಿಂದ ತಂದ ಡೈ ತಕರಾರಿಲ್ಲದೆ ಕೂರುತ್ತದೆ. ಇಕ್ಕಳಗಳಿಗೆ ಆ ಭಾಗ್ಯ ಸಿಗಲಿಲ್ಲ. ಒಂದೊಂದು ಬಗೆಯ ತೋಟಾಕ್ಕೂ ಒಂದೊಂದು ಇಕ್ಕಳ ಬೇಕಿದ್ದ ಕಾಲದವು ಈಗ ಕಪಾಟು ಸೇರಿವೆ.

ಹಸಿರು ಬಣ್ಣದ ಆರ್‌ಸಿಬಿಎಸ್ ಪ್ರೆಸ್ಸುಗಳ ಹುಟ್ಟೂ ಸ್ವಾರಸ್ಯದ್ದು. ಕ್ಯಾಲಿಫೋರ್ನಿಯಾದ ಓರೊವಿಲ್‌ನಲ್ಲಿ ಫ್ರೆಡ್ ಹಂಟಿಂಗ್ಟನ್ 1943ರಲ್ಲಿ, ಅಪ್ಪನ ಲಾಂಡ್ರಿಯ ಹಿಂಬದಿಯ ಕೋಣೆಯಲ್ಲಿ ಕೆಲಸ ಶುರು ಮಾಡಿದರು. ಯುದ್ಧಕಾಲ, ಗುಂಡು ಸಿಗುತ್ತಿರಲಿಲ್ಲ. ಹಾರಿಸಿ ಬಿಸಾಡಿದ .22 ತೋಟಾಗಳ ಹಿತ್ತಾಳೆಯನ್ನೇ ಹಿಂಡಿ, ಒಳಗೆ ಸೀಸ ತುಂಬಿ ಗುಂಡು ಮಾಡುವ ಡೈ ಅವರದು. ಆ ಗುಂಡು ರಾಕ್ ಚಕ್ ಎಂಬ ಬೆಟ್ಟದ ಬಿಲವಾಸಿ ಪ್ರಾಣಿಯ ಬೇಟೆಗೆ. ಕಂಪನಿಯ ಹೆಸರಿನ ಮೊದಲ ಎರಡಕ್ಷರ ಅಲ್ಲಿಂದಲೇ ಬಂದದ್ದು. ಯುದ್ಧ ಮುಗಿದ ಮೇಲೆ ಕ್ಯಾನ್ಸಸ್‌ನ ಬ್ರೂಸ್ ಹಾಡ್ಜ್‌ಡನ್ ಸೈನ್ಯದಲ್ಲಿ ಮಿಕ್ಕಿದ್ದ ಮದ್ದನ್ನು ಸಗಟಿಗೆ ಕೊಂಡು ಅಗ್ಗಕ್ಕೆ ಮಾರತೊಡಗಿದರು. ಮದ್ದು ಸೋವಿಯಾದದ್ದೇ ತಡ, ಪ್ರೆಸ್ಸುಗಳಿಗೆ ಗಿರಾಕಿ ಹೆಚ್ಚಿದರು. ಸಂಗ್ರಾಹಕರು ಬೆನ್ನುಹತ್ತುವ ಬಹುಪಾಲು ಎರಕದ ಪ್ರೆಸ್ಸುಗಳು ಅದರ ಆಚೀಚಿನ ದಶಕಗಳವು.

ಸ್ಯಾನ್ ಡಿಯಾಗೊದ ಸ್ಟಾರ್ ಯಂತ್ರ, ಹಾಲಿವುಡ್ ಹೆಸರಿನ ಭಾರೀ ಪ್ರೆಸ್ಸು ಕಂಡರೆ ಸಂಗ್ರಾಹಕರ ಕಣ್ಣರಳುತ್ತದೆ. ಮಿನ್ನೆಸೋಟದ ವಸೀಕಾ ಊರಿನ ಹರ್ಟರ್ಸ್ ಪ್ರೆಸ್ಸುಗಳಿಗೆ ಬೇರೆಯೇ ಅಭಿಮಾನಿಗಳು. ಅಂಚೆ ಮೂಲಕ ಮಾಲು ಮಾರುತ್ತಿದ್ದ ಜಾರ್ಜ್ ಹರ್ಟರ್ ಕ್ಯಾಟಲಾಗಿನಲ್ಲಿ ತನ್ನ ಸರಕನ್ನು ಹೊಗಳುತ್ತಿದ್ದ ಪರಿ ನೋಡಿದರೆ ನಮ್ಮ ಜಾತ್ರೆಯ ಔಷಧಿ ಮಾರುವವರೂ ನಾಚಬೇಕು. ಕಬ್ಬಿಣ ಮಾತ್ರ ಗಟ್ಟಿ. ತಲೆನೋವು ಇರುವುದು ತೋಟಾದ ಬುಡ ಹಿಡಿದುಕೊಳ್ಳುವ ನಾಣ್ಯದಗಲದ ಶೆಲ್‌ಹೋಲ್ಡರಿನಲ್ಲಿ. ಹರ್ಟರ್ಸ್ ಅದನ್ನು ತನ್ನದೇ ಅಳತೆಗೆ ಮಾಡಿತ್ತು, ಬೇರೆಯವರದು ಕೂರುವುದಿಲ್ಲ. ಪ್ರೆಸ್ಸು ಸುಲಭವಾಗಿ ಸಿಗುತ್ತದೆ, ಆ ಚೂರಿಗಾಗಿ ತಿಂಗಳುಗಟ್ಟಲೆ ಅಲೆಯಬೇಕು, ಇಲ್ಲವೇ ಅಡಾಪ್ಟರ್ ಹಾಕಬೇಕು.

ತಂದದ್ದನ್ನು ಏನು ಮಾಡಬೇಕೆಂಬ ಬಗ್ಗೆ ಸಂಗ್ರಾಹಕರಲ್ಲಿ ಒಮ್ಮತವಿಲ್ಲ. ತುಕ್ಕು ಬಿಡಿಸಿ, ಹೊಸ ಬಣ್ಣ ಬಳಿದು ಫಳಫಳ ಮಾಡುವವರು ಒಂದು ಕಡೆ. ಸೀಮೆಎಣ್ಣೆಯಲ್ಲಿ ನೆನೆಸಿ, ಕೀಲು ಸಡಿಲಿಸಿ, ಮೂಲ ಬಣ್ಣದ ಉಳಿಕೆ ಮುಟ್ಟದೆ ಬಿಡುವವರು ಇನ್ನೊಂದು ಕಡೆ. ನನ್ನ ಮತ ಎರಡನೆಯವರಿಗೆ. ಬಣ್ಣ ಬಳಿದ ಮೇಲೆ ಅದು ಯಾವ ಕಾಲದ್ದು ಎಂದು ಹೇಳುವ ಗುರುತು ಅರ್ಧ ಅಳಿಸಿಹೋಗುತ್ತದೆ.

ಕಬ್ಬಿಣ ಹಳೆಯದಾದರೆ ಅಪಾಯವಿಲ್ಲ, ಮದ್ದಿನ ಲೆಕ್ಕ ಹಳೆಯದಾದರೆ ಪ್ರಾಣಕ್ಕೆ ಸಂಚಕಾರ. ಐಡಿಯಲ್ ಕಾಲದ ಅಳತೆ ಚಮಚಗಳು ಕರಿಮದ್ದಿನವು. 1884ರಲ್ಲಿ ಫ್ರಾನ್ಸಿನ ಪಾಲ್ ವ್ಯೆಯ್ ಹೊಗೆಯಿಲ್ಲದ ಮದ್ದು ಕಂಡುಹಿಡಿದ ಮೇಲೆ ಆ ಅಳತೆಯೆಲ್ಲ ತಲೆಕೆಳಗಾಯಿತು. ಕರಿಮದ್ದಿನ ಚಮಚದ ತುಂಬ ಹೊಸ ಮದ್ದು ಹಾಕಿದರೆ ಕೋವಿಯೇ ಸಿಡಿಯಬಹುದು. ಹೊಸ ಮದ್ದನ್ನು ತೂಗಿಯೇ ನೋಡಬೇಕು, ಅದೂ ಗ್ರೇನ್ ಲೆಕ್ಕದಲ್ಲಿ. ಒಂದು ಪೌಂಡಿಗೆ 7000 ಗ್ರೇನ್. ನಮ್ಮ ಅಕ್ಕಸಾಲಿಗರ ಲೆಕ್ಕಕ್ಕೆ ಒಂದು ಗ್ರೇನ್ ಎಂದರೆ ಅರ್ಧ ಗುಲಗಂಜಿಗಿಂತ ತುಸು ಹೆಚ್ಚು. ಹಳೇ ತೋಟಾದ ಹಿತ್ತಾಳೆಯನ್ನೂ ನಂಬುವ ಹಾಗಿಲ್ಲ. ಹಿಂದಿನ ಕೇಪುಗಳಲ್ಲಿದ್ದ ಪಾದರಸ ಹಿತ್ತಾಳೆಯೊಳಗೆ ಇಳಿದು ಅದನ್ನು ಪೆಡಸು ಮಾಡುತ್ತದೆ, ಕಣ್ಣಿಗೆ ಅದು ಕಾಣುವುದಿಲ್ಲ. ಆದ್ದರಿಂದ ಪ್ರೆಸ್ಸು ಎಷ್ಟೇ ಹಳೆಯದಿರಲಿ, ತಕ್ಕಡಿ ಪರೀಕ್ಷಿಸಿದ್ದಾಗಿರಬೇಕು, ಮದ್ದಿನ ಕೋಷ್ಟಕ ಇವತ್ತಿನದಾಗಿರಬೇಕು ಎಂಬುದು ಬಲ್ಲವರ ಕಟ್ಟುನಿಟ್ಟು.

ಇದುವರೆಗಿನದು ಹೆಚ್ಚಾಗಿ ಅಮೆರಿಕದ ಕತೆ; ಬ್ರಿಟನ್ನಿನ ಸಲಕರಣೆಗಳ ಚೆಲುವೇ ಬೇರೆ. ಶೆಫೀಲ್ಡಿನ ಜೇಮ್ಸ್ ಡಿಕ್ಸನ್, ಹಾಕ್ಸ್‌ಲಿ ಕಂಪನಿಗಳು ಚರೆ ತೋಟಾಗಳಿಗಾಗಿ ಮಾಡಿದ ಹಿತ್ತಾಳೆ, ಮರದ ಉಪಕರಣಗಳಲ್ಲಿ ಮೇಜಿನಂಚಿಗೆ ಕಚ್ಚಿಸುವ ಒಂದು ಪುಟ್ಟ ಯಂತ್ರವಿದೆ. ಹಿಡಿ ತಿರುಗಿಸಿದರೆ ಕಾಗದದ ತೋಟಾದ ಅಂಚು ಒಳಕ್ಕೆ ಸುರುಳಿ ಸುತ್ತಿಕೊಂಡು ಬಾಯಿ ಮುಚ್ಚುತ್ತದೆ. ಎಷ್ಟು ಹೊತ್ತು ನೋಡಿದರೂ ಬೇಸರವಾಗದ ಕೆಲಸ.

ನಮ್ಮಲ್ಲಿ ಮಾತ್ರ ಇದನ್ನು ಬರೀ ಹಳೇ ಕಬ್ಬಿಣ ಎಂದುಕೊಳ್ಳುವ ಹಾಗಿಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯ 2ನೇ ಕಲಮು ಮದ್ದುಗುಂಡು ಎಂದರೇನೆಂದು ಹೇಳುವಾಗ ಅದನ್ನು ತಯಾರಿಸುವ ಯಂತ್ರವನ್ನೂ ಅದರೊಳಗೇ ಸೇರಿಸಿದೆ. ಕೋವಿ ಪರವಾನಗಿಯಿಂದ ವಿನಾಯಿತಿ ಇರುವ ಕೊಡವರು ಕೂಡ ಮನೆಯಲ್ಲಿ ಪ್ರೆಸ್ಸು ಇಡುವ ಮುಂಚೆ ಕಾನೂನು ಬಲ್ಲವರನ್ನು ಕೇಳಬೇಕು. ಟೆಕ್ಸಸ್ಸಿನಲ್ಲೋ ಒಹಾಯೊದಲ್ಲೋ ಇರುವ ಕನ್ನಡಿಗರಿಗೆ ಹಳೇ ಸಾಮಾನಿನ ಸಂತೆಯಲ್ಲಿ ಇಂಥದ್ದೊಂದು ಕಣ್ಣಿಗೆ ಬಿದ್ದರೆ, ಅಲ್ಲಿನ ಮನೆಯಲ್ಲೇ ಮೇಜಿಗೆ ಬಿಗಿದುಕೊಳ್ಳುವುದು ಲೇಸು. ಊರಿಗೆ ಬರುವಾಗ ಸೂಟ್‌ಕೇಸಿಗೆ ಹಾಕಿಕೊಂಡರೆ ವಿಮಾನ ನಿಲ್ದಾಣದಲ್ಲಿ ವಿವರಣೆ ಕೊಡುವುದು ಕಷ್ಟ.